ಬ್ಯಾಂಡ್ ಬಂದದ್ದು ಆಫೀಸಿನ ಬಾಗಿಲಿಗೆ

“ನಮ್ಮನೆಗೆ ಬರಬೇಡಿ ಮೇಷ್ಟ್ರೇ. ಅಮ್ಮನ ಆಫೀಸಿನ ಹತ್ರ ಬನ್ನಿ.”

ಮಿರೇಯಾಳ ಮಾತು ಕೇಳಿ, ಶೂ ಲೇಸ್ ಕಟ್ಟುತ್ತಿದ್ದ ಬ್ಯಾಂಡ್ ಮೇಷ್ಟ್ರು ವಿಸೆಂಟ್ ತಲೆ ಎತ್ತಿದರು. ಬ್ಯಾಂಡಿಗೆ ಹೊಸದಾಗಿ ಸೇರುವ ಮಕ್ಕಳನ್ನು ಸಂಗೀತಗಾರರನ್ನು ಕಾಯುವ ಸಂತ ಸೆಸಿಲಿಯಾಳ ಹಬ್ಬದ ಸಂಜೆ ಎಲ್ಲರೂ ಊದುತ್ತಾ ಬಾರಿಸುತ್ತಾ ಹೋಗಿ ಮನೆಯಿಂದಲೇ ಕರೆತರುವುದು ನಮ್ಮ ವಲೆನ್ಸಿಯಾ ಕಡೆಯ ಪದ್ಧತಿ. ಮನೆಯವರು ಬಾಗಿಲಲ್ಲಿ ನಿಂತು ವಾದ್ಯವನ್ನು ಮಗುವಿನ ಕೈಗೆ ಕೊಡಬೇಕು. ಆಮೇಲೆಯೇ ಮೆರವಣಿಗೆ ಮುಂದಕ್ಕೆ. ಈ ಸಲ ಮಿರೇಯಾಳ ಸರದಿ.

ಮಿರೇಯಾಳ ಮನೆಯಲ್ಲಿ ಇರುವುದು ಅವಳು ಮತ್ತು ಅಮ್ಮ, ಇಬ್ಬರೇ. ಅಮ್ಮನ ಹೆಸರು ಎಂಪಾರ್, ಒಂದು ಟೈಲ್ಸ್ ಕಂಪನಿಯಲ್ಲಿ ಡಿಸೈನ್ ಬಿಡಿಸುತ್ತಾಳೆ. ಮಧ್ಯಾಹ್ನ ಊಟಕ್ಕೆಂದು ಉದ್ದನೆಯ ಬಿಡುವು, ಆಮೇಲೆ ರಾತ್ರಿ ಎಂಟರವರೆಗೆ ಮತ್ತೆ ಆಫೀಸು. ಕೆಲಸ ಮುಗಿದಿದ್ದರೂ ಧಣಿ ಏಳುವ ತನಕ ಯಾರೂ ಏಳುವಂತಿಲ್ಲ. ಧಣಿ ಎವರಿಸ್ತೋ ಅವರಿಗೋ ಮನೆಗೆ ಹೋಗುವ ಅವಸರವೇ ಇಲ್ಲ.

ಶುಕ್ರವಾರ ಒಂದು ದಿನವಾದರೂ ಬೆಳಿಗ್ಗೆ ಬೇಗ ಬಂದು ಮಧ್ಯಾಹ್ನವೇ ಹೋಗುತ್ತೇವೆ ಎಂದು ಆಫೀಸಿನವರೆಲ್ಲ ಕೇಳಿದ್ದರು. ಪಕ್ಕದ ಕಂಪನಿಯವರು ಹಾಗೆ ಮಾಡಿ ಚೆನ್ನಾಗಿಯೇ ಇದ್ದಾರೆ ಎಂದೂ ಹೇಳಿದ್ದರು. “ಕುರ್ಚಿ ಖಾಲಿ ಇದ್ರೆ ಕೆಲಸ ನಡೀತಿದೆ ಅಂತ ನಾನು ಹೇಗೆ ನಂಬ್ಲಿ?” ಎಂದಿದ್ದರಂತೆ ಧಣಿ. ಅವರಿಗೆ ಡಿಸೈನಿಗಿಂತ ಕುರ್ಚಿಯ ಮೇಲೇ ಪ್ರೀತಿ ಹೆಚ್ಚು.

ಈ ಸಲ ಹಬ್ಬವೂ ಶುಕ್ರವಾರವೇ ಬಂದಿತ್ತು. ಆ ದಿನ ಸ್ವಲ್ಪ ಬೇಗ ಬಿಡಿ ಎಂದು ಅಮ್ಮ ಕೇಳಿದ್ದಕ್ಕೂ ಅದೇ ಉತ್ತರ. ಬಾಗಿಲಲ್ಲಿ ಪಕ್ಕದ ಮನೆ ಅಜ್ಜಿ ನಿಲ್ಲುತ್ತಾರೆ ಬಿಡು ಎಂದು ಅಮ್ಮ ಹೇಳಿದಾಗ ಮಿರೇಯಾಳಿಗೆ ಮೈಯೆಲ್ಲ ಉರಿದಿತ್ತು. ಧಣಿಯ ಮೇಲೆ ಬಂದ ಸಿಟ್ಟಿಗಿಂತ, ಸುಮ್ಮನೆ ತಲೆಯಾಡಿಸಿ ಬಂದ ಅಮ್ಮನ ಮೇಲೆಯೇ ಸಿಟ್ಟು ಜಾಸ್ತಿ.

“ನಿಮ್ಮಮ್ಮನಿಗೆ ಗೊತ್ತಾ?” ಮೇಷ್ಟ್ರು ಕೇಳಿದರು.

“ಇಲ್ಲ.”

ಮೇಷ್ಟ್ರು ಮೀಸೆಯಡಿಯಲ್ಲೇ ನಕ್ಕರು. “ಸರಿ ನಡಿ. ಏನಾಗತ್ತೋ ನೋಡೇಬಿಡೋಣ.”

ಕತ್ತಲಾಗುವ ಹೊತ್ತಿಗೆ ಇಡೀ ಬ್ಯಾಂಡ್ ಟೈಲ್ಸ್ ಕಂಪನಿಯ ಮುಂದೆ ನಿಂತಿತು. ದೊಡ್ಡ ಡ್ರಮ್ಮಿನ ಸದ್ದಿಗೆ ಕಿಟಕಿಯ ಗಾಜುಗಳು ಅದುರಿದವು. ಮೇಲಿನ ಮಹಡಿಯಲ್ಲಿ ಒಂದೊಂದೇ ಮುಖ ಇಣುಕಿತು. ಅಮ್ಮನದೂ ಇತ್ತು.

ಧಣಿ ಕಿಟಕಿ ತೆರೆದು, ಇದೇನು ಆಫೀಸೋ ಸಂತೆಯೋ ಎಂದು ಕೇಳಿದರು. ಹುಡುಗಿಯ ತಾಯಿ ಬಂದು ವಾದ್ಯ ಕೊಟ್ಟ ಕೂಡಲೇ ಹೊರಡುತ್ತೇವೆ, ಅಲ್ಲಿಯ ತನಕ ನುಡಿಸುತ್ತಲೇ ಇರಬೇಕಾಗುತ್ತದೆ ಎಂದು ಮೇಷ್ಟ್ರು ತುಂಬ ವಿನಯದಿಂದ ಹೇಳಿದರು. ಡ್ರಮ್ಮಿನವನು ಇನ್ನೂ ಜೋರಾಗಿ ಬಾರಿಸಿದ.

ಅಮ್ಮ ಕೋಟು ಹಾಕಿಕೊಂಡು ಇಳಿದು ಬಂದಳು. ಹಿಂದೆಯೇ ಧಣಿಯೂ ಮೆಟ್ಟಿಲಿಗೆ ಬಂದರು.

“ಎಂಪಾರ್, ಇನ್ನೂ ಎಂಟಾಗಿಲ್ಲ.”

ಅಮ್ಮ ತಿರುಗಿ ನಿಂತಳು. “ನನ್ನ ಕೆಲಸ ಮುಗಿದಿದೆ ಸಾರ್. ಕುರ್ಚಿ ಅಲ್ಲೇ ಇದೆ, ನೀವು ನೋಡ್ತಾ ಇರಿ.”

ಬ್ಯಾಂಡಿನವರು ಕಿಸಕ್ಕನೆ ನಕ್ಕರು. ಗೆದ್ದೆ ಎಂದುಕೊಂಡಳು ಮಿರೇಯಾ. ಅವಳಿಗೆ ಅಲ್ಲೇ ಕುಣಿಯಬೇಕೆನಿಸಿತು.

ಮೇಷ್ಟ್ರು ಹಿಡಿದಿದ್ದ ಕ್ಲಾರಿನೆಟ್ ತೆಗೆದುಕೊಂಡು ಅಮ್ಮ ಮಗಳ ಕೈಗೆ ಕೊಟ್ಟಳು. ಅಮ್ಮನ ಬೆರಳುಗಳು ತಣ್ಣಗಿದ್ದವು.

ಮಿರೇಯಾ ತಲೆ ಎತ್ತಿದಳು. ಅಮ್ಮ ನಗುತ್ತಲೇ ಇದ್ದಳು, ಕಣ್ಣು ಮಾತ್ರ ಮತ್ತೆ ಮತ್ತೆ ಧಣಿಯ ಕಡೆಗೆ ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ಈ ಬಾಗಿಲಿಗೆ ಯಾವ ಬ್ಯಾಂಡೂ ಬರುವುದಿಲ್ಲ. ಅಮ್ಮ ಒಬ್ಬಳೇ ಒಳಗೆ ಹೋಗಬೇಕು. ಅದು ಗೊತ್ತಿದ್ದೂ ಅವಳು ಇಳಿದು ಬಂದಿದ್ದಳು.

“ಅಮ್ಮಾ, ನನ್ನ ಪಕ್ಕದಲ್ಲೇ ನಡಿ,” ಎಂದಳು ಮಿರೇಯಾ.

ಮೇಷ್ಟ್ರು ಕೈ ಎತ್ತಿದರು. ಮಿರೇಯಾ ಕ್ಲಾರಿನೆಟ್ಟನ್ನು ತುಟಿಗಿಟ್ಟು, ಧಣಿ ನಿಂತಿದ್ದ ಮೆಟ್ಟಿಲ ಕಡೆಗೇ ತಿರುಗಿ, ಉಸಿರಿರುವಷ್ಟೂ ಊದಿದಳು.