ಗಿಡದ ಆಚೆ ಬದಿ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗಿನ ಮಾತು. ಸಿದ್ದಾಪುರದ ಹತ್ತಿರ ನಮ್ಮ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಿಗೆ ಸಿಡುಬು ಬಂದಿತ್ತು. ನಾನೂ ನನ್ನ ಓರಗಿತ್ತಿ ದೇವೀರಕ್ಕನೂ ಯಾವಾಗಲೂ ಒಂದೇ ಕಾಫಿ ಗಿಡದ ಹಣ್ಣನ್ನು ಆಚೆ ಈಚೆ ನಿಂತು ಕುಯ್ಯುತ್ತಿದ್ದೆವು. ಎಲೆಯ ಮರೆಯಲ್ಲಿ ಮುಖ ಕಾಣದು, ಮಾತು ಮಾತ್ರ ಕೇಳಿಸೋದು.

ಅವಳ ಮೈಮೇಲೂ ಗುಳ್ಳೆ ಎದ್ದಾಗ ತೋಟದಂಚಿನ ಗುಡಿಸಲಿಗೆ ಹಾಕಿದರು. ನೋಡಲು ಹೋದೆ. ಒಳಗಿಂದ "ಸಣ್ಣೀ, ನೀರು" ಅಂದಳು. ನನ್ನ ಕಂಕುಳಲ್ಲಿ ಕೂಸಿತ್ತು. ಹೊಸಿಲು ದಾಟಲಿಲ್ಲ ನಾನು.

ಮಾರನೇ ದಿನ ಮಟಮಟ ಮಧ್ಯಾಹ್ನ ಒಬ್ಬಳೇ ಕುಯ್ಯುತ್ತಿದ್ದೆ. ಆಚೆ ಬದಿ ಬುಟ್ಟಿಗೆ ಹಣ್ಣು ಬೀಳುವ ಸದ್ದು. ಜೊತೆಗೆ ಬೇವಿನ ಸೊಪ್ಪಿನ ವಾಸನೆ.

"ಅಕ್ಕಾ, ವಾಸಿಯಾಯ್ತಾ?"

"ನೀರು ಕೊಡೇ."

ಕುಡಿಯಲು ತಂದಿದ್ದ ಹಿತ್ತಾಳೆ ಚೊಂಬನ್ನು ಎಲೆಯೊಳಗೆ ನೀಡಿದೆ. ಇಸಿದುಕೊಂಡ ಬೆರಳು ಕೆಂಡದಂತೆ ಸುಡುತ್ತಿತ್ತು. ಸುತ್ತಿ ಹೋಗಿ ನೋಡಿದರೆ ಯಾರೂ ಇಲ್ಲ, ಚೊಂಬೂ ಇಲ್ಲ. ಆ ಬದಿಯ ಕೊಂಬೆಗಳಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ.

ಅಷ್ಟರಲ್ಲಿ ತೋಟದ ಲೆಕ್ಕ ಬರೆಯುವ ರೈಟರು ಬಂದು, "ದೇವೀರಿ ಬೆಳಿಗ್ಗೆಯೇ ತೀರಿಹೋದಳು ಕಣಮ್ಮ" ಅಂದರು.

ಗುಡಿಸಲಿಗೆ ಓಡಿದೆ. ಈ ಸಲ ಹೊಸಿಲು ದಾಟಿದೆ. ಅವಳ ತಲೆಯ ಪಕ್ಕದಲ್ಲಿ ನನ್ನ ಚೊಂಬಿತ್ತು. ನೀರು ತುಂಬಿದ ಹಾಗೇ ಇತ್ತು.