ಮೊದಲ ಏಟು

ಹಲ್ಲಿನ ಡಾಕ್ಟರನ ಮುಖವನ್ನು ಅವಳು ಮೊದಲ ಸಲ ನೋಡಿದ್ದೇ ಅದರಿಂದ ರಕ್ತ ಬರಿಸಿದ ಮೇಲೆ.

ಊರಿನ ಇತಿಹಾಸ ಸಂಘದ ಲೈಬ್ರರಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ಅವಳು ಬೆಳೆದ ಮನೆಯಲ್ಲಿ ಹಿಂದಿನಿಂದ ಬರುವ ಕೈ ಎಂದೂ ಒಳ್ಳೆಯದಕ್ಕೆ ಬಂದದ್ದಿಲ್ಲ. ತಿರುಗಿ ಕೂಡ ನೋಡದೆ ಮೊಣಕೈ ಬೀಸಿದಳು. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಎತ್ತುವ ಕೈ, ಸರಿಯಾಗಿ ಮೂಗಿಗೇ ಬಿತ್ತು.

"ಕಾಗದದ ಮೇಲೆ ಬೀಳಬಾರದು! ರಕ್ತ ಕಾಗದದ ಮೇಲೆ ಬೀಳಬಾರದು!" ಎಂದು ಕೂಗುತ್ತಾ ಸಂಘದ ಕಾರ್ಯದರ್ಶಿ ಮೇಡಂ ಓಡಿಬಂದರು. ಮೂಗಿನ ಬಗ್ಗೆ ಅವರಿಗೆ ಅಷ್ಟೇನೂ ಚಿಂತೆ ಇದ್ದಂತೆ ಕಾಣಲಿಲ್ಲ.

ನೆಲದ ಮೇಲೆ ಕುಕ್ಕರಿಸಿದ್ದ ಗಂಡಸು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈ ಮೇಲೆತ್ತಿದ. ಅದರಲ್ಲಿ ಒಂದು ಪೆನ್ಸಿಲ್ ಇತ್ತು.

"ನಿಮ್ಮದು... ಕೆಳಗೆ ಬಿದ್ದಿತ್ತು. ಕೊಡೋಣ ಅಂತ..."

ಅವಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. "ಬಾಯಿ ತೆಗೆದು ಹೇಳಬಾರದಿತ್ತಾ?"

"ಇಲ್ಲಿ ಮಾತಾಡಬಾರದು ಅಂತ ಬೋರ್ಡ್ ಇದೆಯಲ್ರೀ."

ಅಪ್ಪನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವ ಅವಳನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಿದ್ದರು. ಹೆಸರು ಕೆಲಸದಿಂದ ಬಂತೋ ಕೋಪದಿಂದ ಬಂತೋ, ಈಗ ಯಾರಿಗೂ ನೆನಪಿಲ್ಲ. ಅಂಥ ಕಿಡಿ ಅವತ್ತು ತನ್ನ ಕರ್ಚೀಫನ್ನು ತಾನೇ ಒದ್ದೆ ಮಾಡಿ ತಂದು ಅವನ ಮೂಗಿಗೆ ಒತ್ತಿದಳು. ಕರ್ಚೀಫಿನ ಮೇಲಿನಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಏಟು ತಿಂದವನ ಕಣ್ಣಿನಲ್ಲಿ ಅಷ್ಟು ನಗು ಇರುವುದನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಇಬ್ಬರೂ ಬರೆದುಕೊಟ್ಟಿದ್ದ ಚೀಟಿಗಳನ್ನು ಮೇಡಂ ಗಟ್ಟಿಯಾಗಿ ಓದಿದರು.

"ಇಬ್ಬರೂ ಕೇಳಿರೋದು ಒಂದೇ ಪೆಟ್ಟಿಗೆ, ಹಳೇ ಮರದ ಮಿಲ್ಲಿನ ಕಾಗದಪತ್ರದ್ದು. ಇವರು ವರ್ಕ್‌ಶಾಪ್ ಮನೆಯವರು. ಇವರು ಟಿಂಬರ್ ಡಿಪೋ ಮನೆಯವರು, ಹೊರಗೆ ಓದಿ ಈಗಷ್ಟೇ ಊರಿಗೆ ಬಂದಿರೋ ಹಲ್ಲಿನ ಡಾಕ್ಟರು." ಓದಿ ಮುಗಿಸಿ ಕನ್ನಡಕ ತೆಗೆದರು. "ಅಯ್ಯೋ ದೇವರೇ."

ಕಿಡಿಯ ಕೈ ಕರ್ಚೀಫನ್ನು ಬಿಟ್ಟುಬಿಟ್ಟಿತು. ಆ ಎರಡು ಮನೆಗಳ ಕಥೆ ಊರಿಗೆಲ್ಲ ಗೊತ್ತು. ಮುತ್ತಜ್ಜಂದಿರ ಕಾಲದಲ್ಲಿ ಮಿಲ್ಲಿನ ಅಂಗಳದಲ್ಲಿ ಹೊಡೆದಾಡಿಕೊಂಡು ಇಬ್ಬರೂ ಸತ್ತಿದ್ದರು. ಅಲ್ಲಿಂದ ಮುಯ್ಯಿಗೆ ಮುಯ್ಯಿ. ಅವಳ ಚಿಕ್ಕಪ್ಪನ ಕಾಲು ಮುರಿದರು, ಡಿಪೋಗೆ ಬೆಂಕಿ ಬಿತ್ತು. ಅವನ ಅಪ್ಪನ ಬೆನ್ನಿಗೆ ಚಾಕು ಇಳಿಯಿತು, ಅವಳ ಅಣ್ಣನ ಅರ್ಧ ಕಿವಿ ಹೋಯಿತು. ಈಗ ಸರದಿ ವರ್ಕ್‌ಶಾಪಿನವರದು. ಅಣ್ಣ ಕನ್ನಡಿಯಲ್ಲಿ ಕಿವಿ ನೋಡಿಕೊಂಡಾಗಲೆಲ್ಲ ಹಲ್ಲು ಮಸೆಯುತ್ತಿದ್ದ. ಈ ಸಲದ ಏಟಿಗೆ ಹೆಣ ಬೀಳದೆ ಇರುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು.

"ಮೊದಲು ಹೊಡೆದವರು ನೀವು. ಅದನ್ನ ಸಾಬೀತು ಮಾಡಿ, ನಿಮ್ಮವರ ಹತ್ರ ತಪ್ಪಾಯ್ತು ಅನ್ನಿಸಿ, ಇದನ್ನ ಮುಗಿಸೋಣ ಅಂತಾನೇ ನಾನು ಬಂದಿರೋದು," ಎಂದಳು ಕಿಡಿ.

"ನಾನೂ ಅದಕ್ಕೇ ಬಂದಿರೋದು. ಆದರೆ ಮೊದಲು ಹೊಡೆದವರು ನೀವು," ಎಂದ ಡಾಕ್ಟರ. ಕೆಂಪಾದ ಮೂಗು ಮುಟ್ಟಿಕೊಂಡ. "ಅಭ್ಯಾಸ ಇನ್ನೂ ಹೋಗಿಲ್ಲ ಅಂತ ಕಾಣುತ್ತೆ."

"ಹಲ್ಲು ಉದುರಿಸ್ತೀನಿ ನೋಡಿ!"

"ಉದುರಿಸಿ. ಕಟ್ಟಿಕೊಳ್ಳೋಕೆ ನನಗೆ ಖರ್ಚಿಲ್ಲ."

ಮೇಡಂ ಇಬ್ಬರ ಮಧ್ಯೆ ಪೆಟ್ಟಿಗೆಯನ್ನು ಧಪ್ಪೆಂದು ಇಟ್ಟರು. "ನಮ್ಮ ಸಂಘದ ರೂಲು ಕೇಳಿ. ಒಂದು ಪೆಟ್ಟಿಗೆ, ಒಂದು ಮೇಜು. ಇಬ್ಬರಿಗೂ ಬೇಕಿದ್ರೆ ಒಟ್ಟಿಗೇ ಕೂತು ನೋಡಬೇಕು. ಆಗಲ್ಲ ಅಂದ್ರೆ ಇಬ್ಬರೂ ಮನೆಗೆ ಹೋಗಿ."

ಇಬ್ಬರೂ ಕೂತರು.

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಒಂದೇ ಮೇಜು. ಮೊದಮೊದಲು ಅವಳು ಪೆಟ್ಟಿಗೆಯನ್ನೇ ಗಡಿಯಂತೆ ನಡುವೆ ನಿಲ್ಲಿಸಿಕೊಳ್ಳುತ್ತಿದ್ದಳು. ಹಾಳೆಗಳು ಹಾಳಾಗದಂತೆ ಒಬ್ಬರು ಹಿಡಿಯಬೇಕು, ಇನ್ನೊಬ್ಬರು ತಿರುಗಿಸಬೇಕು. ಹಾಗಾಗಿ ಪೆಟ್ಟಿಗೆ ದಿನೇ ದಿನೇ ಪಕ್ಕಕ್ಕೆ ಸರಿಯಿತು.

ಓದುತ್ತಿದ್ದುದೆಲ್ಲ ರಕ್ತದ ಸಂಗತಿಯೇ. ಒಂದು ಹಳೆಯ ಪತ್ರಿಕೆ ಅವಳ ಮುತ್ತಜ್ಜನನ್ನು ರಾಕ್ಷಸ ಎಂದಿತ್ತು, ಇನ್ನೊಂದು ಅವನ ಮುತ್ತಜ್ಜನನ್ನು. ಹಾರೆಯ ಏಟಿಗೆ ಒಬ್ಬನ ತಲೆ ತೆಂಗಿನಕಾಯಿಯಂತೆ ಒಡೆದಿತ್ತು. ಬೀಳುತ್ತಾ ಬೀಳುತ್ತಾ ಅವನು ಇನ್ನೊಬ್ಬನ ಹೊಟ್ಟೆಗೆ ಉಳಿ ನೆಟ್ಟಿದ್ದ. ಮರದ ಹೊಟ್ಟು ಹಾಕಿ ಮುಚ್ಚಿದರೂ ಅಂಗಳದ ರಕ್ತ ಮೇಲೆ ಮೇಲೆ ಬರುತ್ತಿತ್ತಂತೆ. ಇಷ್ಟೆಲ್ಲ ಬರೆದವರು ಮೊದಲು ಕೈ ಎತ್ತಿದವನು ಯಾರು ಎಂಬುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

"ಕಣ್ಣು ಕೆಂಪಗಿದೆ. ಅತ್ರಾ?" ಎಂದು ಒಂದು ಶನಿವಾರ ಅವನು ಪಿಸುಗುಟ್ಟಿದ.

"ವೆಲ್ಡಿಂಗ್ ಕಣ್ರೀ. ಅಳೋಕೆ ನನಗೇನು ಬಂದಿದೆ?"

"ಹಾಗಾದ್ರೆ ಮೂಗು ಯಾಕೆ ಕೆಂಪಗಿದೆ?"

"ನಿಮ್ಮದೂ ಕೆಂಪಾಗಬೇಕಾ, ಇನ್ನೊಂದ್ಸಲ?"

ನಕ್ಕ. ನಗುವಾಗ ಕೆಳಗೆ ನೋಡುತ್ತಿದ್ದ. ಆಮೇಲೆ ಕಣ್ಣು ಮಾತ್ರ ಮೆಲ್ಲಗೆ ಮೇಲೆತ್ತಿ, ಅವಳೂ ನಕ್ಕಳೋ ಇಲ್ಲವೋ ಎಂದು ಕದ್ದು ನೋಡುತ್ತಿದ್ದ. ಆ ಕಳ್ಳನೋಟಕ್ಕಾಗಿ ತಾನು ವಾರವಿಡೀ ಕಾಯುತ್ತಿದ್ದೇನೆ ಎಂದು ಅವಳಿಗೆ ಅವತ್ತು ಅರಿವಾಯಿತು. ಅರಿವಾದದ್ದೇ ತಡ, ತನ್ನ ಮೇಲೆಯೇ ಕೆಂಡದಂಥ ಕೋಪ ಬಂತು. ಇವನ ಚಿಕ್ಕಪ್ಪನ ಮಗನೇ ಅಲ್ಲವೇ ಅಣ್ಣನ ಕಿವಿ ಕತ್ತರಿಸಿದವನು? ಆದರೂ ಮುಂದಿನ ಶನಿವಾರ ಉಗುರಿನ ಸಂದಿಯ ಕಪ್ಪನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದುಕೊಂಡೇ ಬಂದಳು.

ಅವನು ಅದನ್ನೂ ಗಮನಿಸಿದ. "ಕೈ ಏನಾಯ್ತು? ಆ ಕಪ್ಪೇ ಚೆನ್ನಾಗಿತ್ತು," ಎಂದ. ಅವಳ ಮುಂಗೈ ತುಂಬ ಇದ್ದ ಸುಟ್ಟ ಚುಕ್ಕಿಗಳನ್ನು ಪೆನ್ಸಿಲ್ ತುದಿಯಿಂದ, ಮುಟ್ಟಿಯೂ ಮುಟ್ಟದಂತೆ, ಒಂದೊಂದಾಗಿ ತೋರಿಸಿದ. "ಇದು ನೋವಾಗಲ್ವಾ? ಇದು?"

"ನೀವು ಹಲ್ಲು ಕೀಳುವಾಗ ನೋವಾಗಲ್ವಾ?"

"ನನಗಾ? ಇಲ್ಲಪ್ಪ."

ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಮೇಡಂ ಬೋರ್ಡಿನ ಕಡೆ ಬೆರಳು ತೋರಿಸಿದರು.

ಪೆಟ್ಟಿಗೆ ಮುಗಿಯುತ್ತಾ ಬಂತು. ಅದು ಮುಗಿದರೆ ಶನಿವಾರವೂ ಮುಗಿದಂತೆಯೇ. ಇಬ್ಬರೂ ಹಾಳೆಗಳನ್ನು ಬೇಕೆಂದೇ ನಿಧಾನವಾಗಿ ತಿರುಗಿಸತೊಡಗಿದ್ದರು. ಆಗ ಮೇಡಂ ಬೀರುವಿನ ಮೂಲೆಯಲ್ಲಿ ಸಿಕ್ಕ ಒಂದು ಕ್ಯಾಸೆಟ್ ತಂದರು. ಬಹಳ ಹಿಂದೆ ಸಂಘದವರು ಮಿಲ್ಲಿನ ಹಳೆಯ ಕೆಲಸಗಾರರನ್ನು ಕೂರಿಸಿ ಮಾತು ರೆಕಾರ್ಡ್ ಮಾಡಿದ್ದರಂತೆ. ಹೊಟ್ಟು ಗುಡಿಸುತ್ತಿದ್ದ ಒಬ್ಬ ಅಜ್ಜಿ ಮಿಲ್ಲಿನ ಜಗಳದ ಬಗ್ಗೆ ಹೇಳಿದ್ದಾಳೆ, ತಾನು ಸತ್ತ ಮೇಲೆ ಹಾಕಿ ಎಂದಿದ್ದಳಂತೆ. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ, ಹಾಕಲೂ ಇಲ್ಲ.

ಹೆಡ್‌ಫೋನ್ ಒಂದೇ ಇತ್ತು. ಅವನು ಅದನ್ನು ತಿರುಗಿಸಿ ಒಂದು ಕಡೆಯದನ್ನು ಅವಳ ಕಿವಿಗೆ, ಇನ್ನೊಂದನ್ನು ತನ್ನ ಕಿವಿಗೆ ಒತ್ತಿಕೊಂಡ. ಕೆನ್ನೆಗೆ ಕೆನ್ನೆ ತಾಗುವುದೊಂದು ಬಾಕಿ. ಅವನ ಉಸಿರಿನಲ್ಲಿ ಲವಂಗದ ವಾಸನೆ ಇತ್ತು. ಅವಳ ಎದೆ ಹೊಡೆದುಕೊಳ್ಳುತ್ತಿದ್ದ ಸದ್ದಿನಲ್ಲಿ ಅಜ್ಜಿಯ ಮೊದಲ ಮಾತುಗಳು ಕೇಳಿಸಲೇ ಇಲ್ಲ.

"...ಜೀವದ ಗೆಳೆಯರು ಕಣಪ್ಪ ಇಬ್ಬರೂ. ಅವತ್ತು ಜಗಳ ಒಂದು ಕೊಡೆಗೆ. ಒಬ್ಬ ಇನ್ನೊಬ್ಬನದನ್ನ ತಗೊಂಡೋಗಿ ಮುರ್ಕೊಂಡು ಬಂದಿದ್ದ. ತಳ್ಳಾಡ್ತಿದ್ರು, ಅರ್ಧ ಕೋಪ, ಅರ್ಧ ನಗು. ನಾನು ಅಂಗಳದ ಮೇಲಿದ್ದ ಅಟ್ಟದಲ್ಲಿ ಗುಡಿಸ್ತಿದ್ದೆ. ಸಾಕು ಬಿಡ್ರೋ ಅಂತ ಒಂದು ಮರದ ತುಂಡು ಎಸೆದೆ. ಮಧ್ಯೆ ಬೀಳಲಿ, ಬೆಚ್ಚಿ ಬೇರೆಯಾಗಲಿ ಅಂತ. ಅದು ಹೋಗಿ ಒಬ್ಬನ ನೆತ್ತಿಗೆ ಬಿತ್ತು. ಅವನು ಗೆಳೆಯನೇ ಹೊಡೆದ ಅಂದ್ಕೊಂಡ. ಹಾರೆ ತಗೊಂಡ. ಯಾರೂ ಮೇಲೆ ನೋಡಲಿಲ್ಲ ಕಣಪ್ಪ. ಮೊದಲ ಏಟು ನಂದು."

ರೆಕಾರ್ಡ್ ಮಾಡುತ್ತಿದ್ದವರು ಕೇಳಿದರು: "ಯಾರಿಗೂ ಹೇಳಲಿಲ್ವಾ ಅಜ್ಜಿ?"

"ಹೇಳೋಣ ಅಂತ ಹೊರಟಾಗೆಲ್ಲ ಇನ್ನೊಬ್ಬರ ರಕ್ತ ಹರಿದಿರ್ತಿತ್ತು. ಆಮೇಲೆ ಹೇಳಿದ್ರೆ ನನ್ನ ಮಕ್ಕಳನ್ನ ಉಳಿಸ್ತಿದ್ರಾ? ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ಎರಡು ಮನೆ ನನ್ನ ಮುಚ್ಚಿದ ಬಾಯಿಂದ ಹಾಳಾದ್ವು."

ಕ್ಯಾಸೆಟ್ ಟಕ್ಕೆಂದು ನಿಂತಿತು. ಮುರಿದ ಕಾಲು, ಸುಟ್ಟ ಡಿಪೋ, ಕತ್ತರಿಸಿದ ಕಿವಿ ಎಲ್ಲವೂ ಒಂದು ಮರದ ತುಂಡಿನಿಂದ. ಕಿಡಿಗೆ ಅಳು ಬಂತು, ಈ ಸಲ ವೆಲ್ಡಿಂಗ್ ಎನ್ನುವ ಹಾಗಿರಲಿಲ್ಲ. ಅವನು ಅವಳ ಸುಟ್ಟ ಚುಕ್ಕಿಗಳ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

ಅಷ್ಟರಲ್ಲಿ ಬಾಗಿಲ ಗಾಜು ಒಡೆಯಿತು.

ಅಣ್ಣ ನಿಂತಿದ್ದ. ಕೈಯಲ್ಲಿ ವರ್ಕ್‌ಶಾಪಿನ ಕಬ್ಬಿಣದ ರಾಡು. ತಂಗಿ ಡಿಪೋ ಮನೆಯವನ ಪಕ್ಕ ಕೂರುತ್ತಾಳೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ಕೂತದ್ದನ್ನಲ್ಲ, ಕೈ ಹಿಡಿದದ್ದನ್ನೇ ಕಣ್ಣಾರೆ ಕಂಡ.

"ಅಣ್ಣಾ, ಒಂದು ನಿಮಿಷ ಕೇಳು—"

ಕೇಳುವವನ ಮುಖವಾಗಿರಲಿಲ್ಲ ಅದು. ಮೊದಲ ಬೀಸಿಗೆ ಮೇಜಿನ ದೀಪ ಪುಡಿಯಾಯಿತು. ಎರಡನೆಯದು ಡಾಕ್ಟರನ ದವಡೆಗೆ ಬಿತ್ತು. ಹಲ್ಲೊಂದು ಹಾರಿ ಪೆಟ್ಟಿಗೆಯ ಮುಚ್ಚಳದ ಮೇಲೆ ಟಣ್ಣೆಂದಿತು. ಅವನು ಕುರ್ಚಿಯ ಸಮೇತ ಉರುಳಿದ, ಬಾಯಿಂದ ರಕ್ತ ಗಳಗಳ ಸುರಿಯಿತು. ಅಣ್ಣ ರಾಡನ್ನು ಎರಡು ಕೈಯಲ್ಲೂ ಹಿಡಿದು ತಲೆಯ ಮೇಲಕ್ಕೆತ್ತಿದ. ಮುಂದಿನ ಏಟು ತಲೆಗೆ. ತಂಗಿಗೆ ಅದು ಗೊತ್ತಿತ್ತು, ಕಬ್ಬಿಣ ಹೇಗೆ ಬೀಳುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ನಡುವೆ ಬಿದ್ದು ಮುಂಗೈ ಅಡ್ಡ ಕೊಟ್ಟಳು. ಒಣಗಿದ ಕಟ್ಟಿಗೆ ಮುರಿದ ಸದ್ದು. ಕೈ ಬಾಗಬಾರದ ದಿಕ್ಕಿಗೆ ಬಾಗಿ ಜೋತುಬಿತ್ತು.

ಅಣ್ಣನ ಕೈಯಿಂದ ರಾಡು ಜಾರಿತು. "ಪುಟ್ಟೀ..." ಎಂದ. ಚಿಕ್ಕಂದಿನಲ್ಲೇ ಕರೆಯುವುದನ್ನು ಬಿಟ್ಟ ಹೆಸರು. ಮೊಣಕಾಲೂರಿ ಕುಸಿದು, ಆ ಕೈಯನ್ನು ಮುಟ್ಟಲೂ ಹೆದರಿ, ಮಗುವಿನಂತೆ ಬಿಕ್ಕಿದ. ಹಲ್ಲುಕಚ್ಚಿ ನೋವು ನುಂಗುತ್ತಲೇ ಅವಳು ಅಜ್ಜಿಯ ಮಾತನ್ನು ಅವನ ಅರ್ಧ ಕಿವಿಗೆ ಹೇಳಿ ಮುಗಿಸಿದಳು.

ಡಿಪೋ ಇದ್ದದ್ದು ಹಿಂದಿನ ಬೀದಿಯಲ್ಲೇ. ಗಾಜು ಒಡೆದ ಸುದ್ದಿ ಹೋಗಲು ಎಷ್ಟು ಹೊತ್ತು ಬೇಕು? ಡಾಕ್ಟರನ ದೊಡ್ಡಪ್ಪ ನಾಲ್ಕು ಆಳುಗಳೊಂದಿಗೆ ಒಳಗೆ ಬಂದ. ಎಲ್ಲರ ಕೈಯಲ್ಲೂ ಕೊಡಲಿ. ನೆಲದ ಮೇಲಿನ ರಕ್ತ ನೋಡಿದ, ತಮ್ಮನ ಮಗನ ಮುಖ ನೋಡಿದ, ಅಣ್ಣನನ್ನು ನೋಡಿದ. ಮೇಡಂ ಸದ್ದಿಲ್ಲದೆ ರಾಡನ್ನು ಕಾಲಿನಿಂದ ಬೀರುವಿನ ಅಡಿಗೆ ತಳ್ಳಿದರು.

"ಯಾರು ಹೊಡೆದದ್ದು?" ಎಂದ ದೊಡ್ಡಪ್ಪ. ದನಿ ತಣ್ಣಗಿತ್ತು. ಆ ಪ್ರಶ್ನೆಯ ಉತ್ತರಕ್ಕೆ ಒಂದು ಹೆಣ ಬೀಳುವುದಿತ್ತು.

ಅಣ್ಣ ತಲೆ ಎತ್ತಿದ. "ನಾ—"

"ನಾನು!" ಎಂದು ಕಿರುಚಿದಳು ಕಿಡಿ, ಅಣ್ಣನ ಕಾಲ್ಬೆರಳನ್ನು ಗಟ್ಟಿಯಾಗಿ ತುಳಿಯುತ್ತಾ. "ನಾನೇ ಹೊಡೆದೆ."

"ನೀನಾ? ಹೆಣ್ಣು ಹುಡುಗಿ ಹೊಡೆದ್ರೆ ದವಡೆ ಹೀಗಾಗುತ್ತಾ?"

"ವೆಲ್ಡರ್ ನಾನು. ಕೈ ನೋಡಿ, ಅವರ ದವಡೆಗೆ ಬಡಿದು ನನ್ನ ಕೈಯೇ ಮುರಿದಿದೆ."

ಎಲ್ಲರೂ ಜೋತಾಡುತ್ತಿದ್ದ ಕೈ ನೋಡಿದರು. ನಂಬದೆ ಬೇರೆ ದಾರಿ ಇರಲಿಲ್ಲ.

"ಹೊಸದೇನಲ್ಲ," ಎಂದರು ಮೇಡಂ ಕನ್ನಡಕ ಒರೆಸುತ್ತಾ. "ಬಂದ ಮೊದಲ ದಿನವೇ ಮೂಗು ಒಡೆದಿದ್ದಳು. ನಾನೇ ಸಾಕ್ಷಿ."

ದೊಡ್ಡಪ್ಪ ಡಾಕ್ಟರನ ಕಡೆ ತಿರುಗಿದ. "ಹೌದೇನೋ?"

ಅವನು ಗೋಡೆ ಹಿಡಿದು ಎದ್ದ. ರಕ್ತ ಉಗುಳಿದ. ಆ ಅಷ್ಟು ನೋವಿನಲ್ಲೂ ಕೆಳಗೆ ನೋಡಿ, ಕಣ್ಣು ಮಾತ್ರ ಮೇಲೆತ್ತಿ, ಅವಳನ್ನು ನೋಡಿದ.

"ಹೌದು ದೊಡ್ಡಪ್ಪ. ಇವಳೇ. ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳಿದೆ. ಅದಕ್ಕೆ ಕೊಟ್ಟ ಉತ್ತರ ಇದು."

ಆಳುಗಳಲ್ಲೊಬ್ಬ ಕಿಸಕ್ಕೆಂದ. ದೊಡ್ಡಪ್ಪನ ಕೈಯ ಕೊಡಲಿ ಮೆಲ್ಲಗೆ ಕೆಳಗಿಳಿಯಿತು. ಗಂಡಸರ ಏಟಿಗೆ ಏನು ಮಾಡಬೇಕೆಂದು ಆ ಮನೆಯವರಿಗೆ ಗೊತ್ತಿತ್ತು. ಇದಕ್ಕೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

"ಥೂ, ನಿನ್ನ ಯೋಗ್ಯತೆಗೆ," ಎಂದ. ಅಣ್ಣನ ಅರ್ಧ ಕಿವಿಯನ್ನು ಒಂದು ಕ್ಷಣ ನೋಡಿ ಮುಖ ಆಚೆ ತಿರುಗಿಸಿದ. "ಇಬ್ಬರನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗು, ನಿಂತು ನೋಡ್ತೀಯೇನು?" ಎಂದು ಅವನನ್ನೇ ಗದರಿ, ಗಾಜಿನ ಚೂರು ತುಳಿಯುತ್ತಾ ಹೊರಟುಹೋದ. ಅಣ್ಣ ಗಾಡಿ ತರಲು ಓಡಿದ.

ಮೇಡಂ ಪೆಟ್ಟಿಗೆಯ ಮುಚ್ಚಳದ ಮೇಲಿದ್ದ ಆ ಹಲ್ಲನ್ನು ಎತ್ತಿ ಡಾಕ್ಟರನ ಅಂಗೈಯಲ್ಲಿಟ್ಟರು.

"ನನ್ನ ಸಂಘದಲ್ಲಿ ಸುಳ್ಳು ಉಳಿಯಬಾರದು. ಯಾವತ್ತಾದರೂ ಬಂದು ನಿಜ ಹೇಳಬೇಕು ನೀವು, ರೆಕಾರ್ಡ್ ಮಾಡ್ಕೊಳ್ತೀನಿ."

"ಮುದುಕರಾದ ಮೇಲೆ ಬರ್ತೀವಿ," ಎಂದ ಅವನು, ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ಬಿಡುತ್ತಾ. ಆಮೇಲೆ ಕಿಡಿಯ ಕಡೆ ತಿರುಗಿದ. ಈ ಸಲ ನಗು ಇರಲಿಲ್ಲ. "ದೊಡ್ಡಪ್ಪನಿಗೆ ನಾನು ಹೇಳಿದ್ದರಲ್ಲಿ ಅರ್ಧ ಸುಳ್ಳು. ಕೇಳಿರಲಿಲ್ಲ. ಈಗ ಕೇಳ್ತಿದ್ದೀನಿ."

ಅವಳಿಗೆ ಕೈಯ ನೋವು ತಲೆಗೇರಿ ಕಣ್ಣು ಕತ್ತಲೆ ಬರುತ್ತಿತ್ತು. ಮುರಿಯದ ಕೈಯಿಂದ ಅವನ ರಕ್ತಸಿಕ್ತ ಕೆನ್ನೆಯನ್ನು ಮುಟ್ಟಿದಳು. ಅವನು ಬೆಚ್ಚಲಿಲ್ಲ.

"ಬರೋದಾದ್ರೆ ಇಬ್ಬರೂ ಒಟ್ಟಿಗೇ ಬರ್ತೀರಾ?" ಎಂದರು ಮೇಡಂ.

"ನಿಮ್ಮದೇ ರೂಲಲ್ವಾ ಮೇಡಂ," ಎಂದಳು ಕಿಡಿ, ಅವನಿಂದ ಕಣ್ಣು ಕೀಳದೆ. "ಒಂದು ಪೆಟ್ಟಿಗೆ, ಒಂದು ಮೇಜು."