ನಿಂದರ್ರಿ ಎಂದ ದನಿ

ಬಾದಾಮಿ ಗುಡ್ಡದ ಕರಡಿಗಳನ್ನು ಉಳಿಸಲು ನಮ್ಮ ಊರವರೇ ಕಟ್ಟಿಕೊಂಡ ಸಂಘದಲ್ಲಿ ನಾನು ಗೈಡ್. ಹೋದ ಬೇಸಿಗೆಯ ಒಂದು ಸಂಜೆ, ಕರಡಿ ನೋಡಲು ಬಾಗಲಕೋಟೆಯಿಂದ ಬಂದ ಪ್ರಿಯದರ್ಶಿನಿ ಎಂಬವರನ್ನು ಕಣಿವೆಗೆ ಕರೆದೊಯ್ಯುತ್ತಿದ್ದೆ. ದಾರಿಯಲ್ಲಿ ಗವಿಯೊಂದಿರುವ ತಿರುವು ಹತ್ತಿರವಾದಂತೆ ಹಕ್ಕಿಗಳ ದನಿ ನಿಂತಿತು. ಕಾದ ಬಂಡೆಗಳ ನಡುವೆ ಮೈ ನಡುಗಿಸುವ ತಣ್ಣನೆ ಗಾಳಿ ಬೀಸಿತು. ಒದ್ದೆ ಕಂಬಳಿಯ ವಾಸನೆ ಬಂತು.

“ನಿಂದರ್ರಿ,” ಎಂದು ನಮ್ಮ ಬೆನ್ನ ಹಿಂದೆ ಮುದುಕನೊಬ್ಬ ಹೇಳಿದ.

ಇಬ್ಬರೂ ನಿಂತೆವು. ಮರಿಯನ್ನು ಬೆನ್ನ ಮೇಲೆ ಹೊತ್ತ ಕರಡಿ ಗವಿಯಿಂದ ಹೊರಬಂದು, ನಮ್ಮೆದುರೇ ದಾರಿ ದಾಟಿ ಪೊದೆಯೊಳಗೆ ಹೋಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಕೆಳಗೆ ಬಂದು ನೀರು ಕುಡಿದ ಮೇಲೆ ಇಬ್ಬರಿಗೂ ನಗು ಬಂತು.

“ಜೀವ ಉಳೀತ್ರಿ. ಆ ಮುದುಕ ಯಾರೋ ಏನೋ, ತಣ್ಣಗಿರಲಿ,” ಎಂದೆ.

“ಮುದುಕ ಎಲ್ಲಿದ್ದ, ಮಾಯಕ್ಕ?” ಎಂದರು ಅವರು. “ಸಣ್ಣ ಹುಡುಗಿ ದನಿ ಅದು. ಗವಿಯೊಳಗಿಂದ ಬಂತು.”